ತಂಗಿಯ ಹತ್ತನೇ ಕ್ಲಾಸಿಗೆ ನನ್ನ ಮೇಲ್ವಿಚಾರಣೆ

ಮನೆಯಲ್ಲಿ ಒಂದು ಹುಡುಗಿ ಹತ್ತನೇ ಕ್ಲಾಸಿಗೆ ಬಂದರೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಸ್ವಲ್ಪ ಜಾಸ್ತಿಯೇ ನಡೆಯಿತು, ಯಾಕೆಂದರೆ ಮೇಲ್ವಿಚಾರಣೆ ನನ್ನದು. ಅಮ್ಮ ಇಲ್ಲ. ಅಪ್ಪ ರೇಷ್ಮೆ ಹುಳ ಬಿಟ್ಟು ಅಲ್ಲಾಡುವವನಲ್ಲ. ಅಜ್ಜಿಗೆ ತೆಲುಗು ಬಿಟ್ಟರೆ ಬೇರೆ ಮಾತಿಲ್ಲ. ಉಳಿದವನು ನಾನು. ನಮ್ಮ ದೇವರಾಯಸಮುದ್ರದ ಸುತ್ತಮುತ್ತ ನನ್ನಷ್ಟು ಚೆನ್ನಾಗಿ ಹುಳ ಸಾಕುವವನಿದ್ದರೆ ಕರೆದುಕೊಂಡು ಬನ್ನಿ, ನೋಡೋಣ. ಇನ್ನು ಹತ್ತನೇ ಕ್ಲಾಸಿನ ಪರೀಕ್ಷೆ. ಎಲ್ಲರೂ ಅದನ್ನು ಒಂದು ಸಲ ಬರೆದಿರುತ್ತಾರೆ. ನನಗೆ ಅದಕ್ಕಿಂತ ಹೆಚ್ಚಿನ ಅನುಭವ ಇದೆ.

ತಂಗಿಗೆ ಕೋಲಾರದ ಕಾಲೇಜಿನಲ್ಲಿ ಸೈನ್ಸ್ ಓದುವ ಆಸೆ. ಲೆಕ್ಕ ಒಂದೇ ಕೈಕೊಡುತ್ತಿತ್ತು. ನಾನಿರುವಾಗ ನಿನಗೇನು ಭಯ ಅಂದೆ. ಆ ಮಾತೊಂದನ್ನು ನುಂಗಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

೧. ಕಾಲು ತೊಳೆಯುವ ಬೋಗುಣಿ

ಹುಳದ ಮನೆಗೆ ನಾವು ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ಹೊರಗಿನವರ ಕಾಲಲ್ಲಿ ರೋಗ ಬರುತ್ತದೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೋಗುಣಿ, ಅದರಲ್ಲಿ ಕಾಲು ಅದ್ದಿಯೇ ಒಳಗೆ ಬರಬೇಕು. ಗಲಾಟೆ ಇಲ್ಲ, ಒಗ್ಗರಣೆ ವಾಸನೆ ಇಲ್ಲ, ಸೆಂಟು ಇಲ್ಲ. ಇಷ್ಟು ಮಾಡಿದರೆ ಹುಳ ತಾನಾಗಿ ಗೂಡು ಕಟ್ಟುತ್ತದೆ. ಹುಡುಗಿಗೂ ಇದನ್ನೇ ಯಾಕೆ ಮಾಡಬಾರದು ಅಂತ ನನ್ನ ತಲೆಗೆ ಹೊಳೆಯಿತು.

ಅವಳು ಓದುವ ಕೋಣೆಗೆ ಗೋಣಿ ಪರದೆ ಕಟ್ಟಿದೆ. ಬಾಗಿಲಲ್ಲಿ ಬೋಗುಣಿ ಇಟ್ಟೆ. ಸಾಯಂಕಾಲ ಅವಳ ಜೊತೆ ಲೆಕ್ಕ ಮಾಡಲು ಬರುತ್ತಿದ್ದವಳು ನಮ್ಮ ಬೀದಿಯ ಟೈಲರ್ ಸಾಹೇಬರ ಮಗಳು, ಅದೇ ಕ್ಲಾಸಿನವಳು, ಲೆಕ್ಕದಲ್ಲಿ ಹುಲಿ. ಬೋಗುಣಿ ನೋಡಿ ನಿಂತಳು. ಕಾಲು ಅದ್ದಮ್ಮ ಅಂದೆ. ಪಾಪ, ಅದ್ದಿದಳು. ಮಾರನೇ ದಿನವೂ ಅದ್ದಿದಳು. ಆಮೇಲೆ ಬರಲೇ ಇಲ್ಲ.

ಅಪ್ಪ ಸೊಪ್ಪಿನ ಹೊರೆ ಇಳಿಸುತ್ತಾ ನೋಡಿ ಹೇಳಿದ. "ಲೇ, ಹುಳಕ್ಕೆ ನಾವು ಸೊಪ್ಪು ಹಾಕಿ ಈಚೆ ಬರ್ತೀವಿ ಕಣೋ. ನೀನು ಒಳಗೇ ಕೂತಿದೀಯಲ್ಲೋ, ಹುಳದ ತಟ್ಟೇಲಿ."

೨. ಬಹುಮಾನದ ಫೋಟೋ

ಸ್ಕೂಲಿನಲ್ಲಿ ವಿಜ್ಞಾನದ ಮಾದರಿ ಮಾಡಿ ತರಲು ಹೇಳಿದರು. ತಂಗಿ ಒಂದು ರಟ್ಟಿನ ಡಬ್ಬಿ, ಎರಡು ಸಿರಿಂಜು ಹಿಡಿದುಕೊಂಡು ಏನೋ ಶುರು ಮಾಡಿದ್ದಳು. ಚೆನ್ನಾಗಿಯೇ ಇತ್ತೇನೋ, ನಾನು ಸರಿಯಾಗಿ ನೋಡಲಿಲ್ಲ. ಅದನ್ನು ಪಕ್ಕಕ್ಕೆ ತಳ್ಳಿ, ಮುಳಬಾಗಿಲಿನ ವೆಲ್ಡಿಂಗ್ ಅಂಗಡಿಯಲ್ಲಿ ಕೂತು, ಹಿಪ್ಪುನೇರಳೆ ತೋಟಕ್ಕೆ ತಾನೇ ನೀರು ಬಿಡುವ ಮಾದರಿ ಮಾಡಿಸಿದೆ. ಮೋಟಾರು, ಪೈಪು, ಪಿಳಿಪಿಳಿ ಅನ್ನುವ ಕೆಂಪು ಲೈಟು. ಮನೆಗೆ ತಂದು ಅದಕ್ಕೆ ಬಣ್ಣ ಹೊಡೆಯುತ್ತಿದ್ದಾಗ ಅಜ್ಜಿ ಬಂದು ನೋಡಿದಳು. "ಚದಿವೇದಿ ಪಿಲ್ಲನಾ, ನುವ್ವಾರಾ?" ಅಂದಳು. ಓದುತ್ತಿರುವುದು ಹುಡುಗಿಯೋ ನೀನೋ ಅಂತ. ವಯಸ್ಸಾದವರು, ಏನೋ ಅಂತಾರೆ ಅಂತ ಇನ್ನೊಂದು ಕೈ ಬಣ್ಣ ಹೊಡೆದೆ.

ಮೊದಲ ಬಹುಮಾನ ನಮಗೇ ಬಂತು. ನೋಡಲು ಬಂದವರು ನೀರು ಹೇಗಮ್ಮ ತಾನೇ ನಿಲ್ಲುತ್ತದೆ ಅಂತ ಕೇಳಿದರಂತೆ. ಇವಳು, "ನಮ್ಮಣ್ಣ ಹೊರಗೆ ನಿಂತಿದಾನೆ ಸಾರ್, ಕರೀಲಾ?" ಅಂದಳಂತೆ.

ಆ ದಿನದ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಬಹುಮಾನ ಹಿಡಿದುಕೊಂಡು ನಾನು ನಗುತ್ತಾ ನಿಂತಿದ್ದೇನೆ. ಅವಳು ಅದರಲ್ಲಿಲ್ಲ. ತೆಗೆದವಳು ಅವಳೇ.

೩. ಪಕ್ಕದ ಕೋಣೆ

ಪೋಷಕರ ಸಭೆಗೆ ಅಪ್ಪನ ಬದಲು ನಾನೇ ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೂಲಿಂಗ್ ಗ್ಲಾಸು. ಸ್ವಲ್ಪ ತಡವಾಗಿತ್ತು, ಕಂಡ ಬಾಗಿಲಿಗೆ ನುಗ್ಗಿ ಮುಂದಿನ ಬೆಂಚಿನಲ್ಲಿ ಕೂತೆ. ಮಕ್ಕಳು ಮನೆಯಲ್ಲಿ ಹೇಗೆ ಓದುತ್ತಾರೆ, ಯಾರಾದರೂ ಹೇಳಿ ಅಂದರು ಮೇಡಮ್ಮು. ನಾನು ಎದ್ದೆ. ಗೋಣಿ ಪರದೆಯಿಂದ ಶುರು ಮಾಡಿ ಬೆಳಗಿನ ಹಾಲಿನವರೆಗೆ ಎಲ್ಲ ವಿವರಿಸಿದೆ. ಯಾರೂ ಮಧ್ಯೆ ಬಾಯಿ ಹಾಕಲಿಲ್ಲ. ಹಾಕಲು ನಾನು ಬಿಡಲೂ ಇಲ್ಲ. ಕೊನೆಗೆ ಮೇಡಮ್ಮು ನಿಮ್ಮ ಹುಡುಗಿಯ ಹೆಸರೇನು ಅಂತ ಕೇಳಿದರು. ಹೇಳಿದೆ. ಅವರು ಹಾಜರಿ ಪುಸ್ತಕ ತಿರುವಿ, "ಇದು ಒಂಬತ್ತನೇ ಕ್ಲಾಸು. ಹತ್ತನೇದು ಪಕ್ಕದ ಕೋಣೇಲಿ," ಅಂದರು.

ಪಕ್ಕದ ಕೋಣೆಗೆ ಓಡಿದೆ. ಎಲ್ಲರೂ ಹೊರಟಿದ್ದರು. ತಂಗಿ ಒಬ್ಬಳೇ, ಪಕ್ಕದಲ್ಲಿ ಒಂದು ಖಾಲಿ ಕುರ್ಚಿ ಇಟ್ಟುಕೊಂಡು ಕೂತಿದ್ದಳು. ನಾನು ಬಂದಿದ್ದೆ ಕಣೇ, ಪಕ್ಕದಲ್ಲೇ ಇದ್ದೆ ಅಂದೆ.

"ಗೊತ್ತು. ಎಲ್ರಿಗೂ ಕೇಳಿಸ್ತಿತ್ತು."

೪. ಕುರುಡುಮಲೆ ಗಣಪತಿಯ ಮುಂದೆ

ಲೆಕ್ಕದ ಪರೀಕ್ಷೆಯ ದಿನ. ಹಾಲ್ ಟಿಕೆಟ್ ಹುಡುಗಿಯ ಕೈಯಲ್ಲಿದ್ದರೆ ಕಳೆದುಹೋಗುತ್ತದೆ ಅಂತ ವಾರದ ಹಿಂದೆಯೇ ಇಸಿದುಕೊಂಡು ಜೋಪಾನ ಮಾಡಿದ್ದೆ. ಹಿಂದಿನ ಪೇಪರುಗಳಿಗೆ ಗೇಟಿನಲ್ಲಿ ಕೊಟ್ಟು, ಮುಗಿದ ಮೇಲೆ ಮತ್ತೆ ಇಸಿದುಕೊಳ್ಳುತ್ತಿದ್ದೆ. ಆವತ್ತು ನನ್ನ ಅಂಗಿ ಜೇಬಿನಲ್ಲಿಟ್ಟುಕೊಂಡು ಹೊರಟೆ. ಮುಳಬಾಗಿಲಿನ ಸೆಂಟರಿನ ಗೇಟಿನಲ್ಲಿ ಅವಳನ್ನು ಇಳಿಸಿ, ಧೈರ್ಯ ಹೇಳಿ, ಬೈಕನ್ನು ನೇರ ಕುರುಡುಮಲೆಗೆ ಓಡಿಸಿದೆ. ಅಷ್ಟು ದೊಡ್ಡ ಗಣಪತಿ ಇರುವಾಗ ನಮಗೇನು ಕಮ್ಮಿ.

ಪೂಜಾರಿಗಳು ಅರ್ಚನೆಗೆ ನಕ್ಷತ್ರ ಕೇಳಿದರು. ನನಗೆಲ್ಲಿ ಗೊತ್ತು? ಹುಟ್ಟಿದ ತಾರೀಕು ಹೇಳೋಣ ಅಂತ ಜೇಬಿಗೆ ಕೈ ಹಾಕಿ ಹಾಲ್ ಟಿಕೆಟ್ ತೆಗೆದೆ. ಅವರು ನೋಡಿದರು.

"ಪರೀಕ್ಷೆ ಯಾವತ್ತಪ್ಪಾ?"

"ಇವತ್ತೇ ಸ್ವಾಮಿ, ಈಗ್ಲೇ," ಅಂದೆ ಎದೆ ಉಬ್ಬಿಸಿ.

"ಮತ್ತೆ ಇದು ಇಲ್ಲೇನು ಮಾಡ್ತಿದೆ?"

ಕಾಯಿ ಒಡೆಸದೆಯೇ ಓಡಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಅವಳು ಗೇಟಿನಲ್ಲಿ ಅಳುತ್ತಾ ನಿಂತಂತೆ, ಕೋಲಾರದ ಬಸ್ಸು ಅವಳನ್ನು ಬಿಟ್ಟು ಹೋದಂತೆ. ಬಂದು ನೋಡಿದರೆ ಗೇಟು ಮುಚ್ಚಿದೆ, ಅವಳಿಲ್ಲ. ಎಲ್ಲರೂ ಒಳಗೆ ಹೋಗಿ ಆಯ್ತು ಅಂದ ಪೊಲೀಸಪ್ಪ. ನಾನು ಬೇಲಿ ಪಕ್ಕ ಕೂತೆ. ಬೆಲ್ಲು ಹೊಡೆಯುವವರೆಗೂ ಯಾರ ಹತ್ತಿರವೂ ಮಾತಾಡಲಿಲ್ಲ. ನನ್ನ ಜೀವನದಲ್ಲಿ ಅದೊಂದು ದಾಖಲೆ.

ಅವಳು ಟೈಲರ್ ಸಾಹೇಬರ ಮಗಳ ಜೊತೆ ನಗುತ್ತಾ ಬಂದಳು. ನನ್ನನ್ನು ಕಂಡು ನಗು ನಿಲ್ಲಿಸಿದಳು. ಹೇಗೆ ಒಳಗೆ ಬಿಟ್ಟರು ಅಂತ ಕೇಳಿದೆ.

"ನೀನು ಜೋಪಾನವಾಗಿ ಇಟ್ಕೋತೀನಿ ಅಂದಾಗ್ಲೇ ಜೆರಾಕ್ಸ್ ಮಾಡಿಸ್ದೆ ಅಣ್ಣಾ. ಹೆಡ್‌ಮಾಸ್ಟರಿಗೂ ಹೇಳಿಟ್ಟಿದ್ದೆ. ಅವರೇ ಬಂದು ಮಾತಾಡಿದ್ರು."

"ಲೆಕ್ಕ?"

"ಚೆನ್ನಾಗಿ ಮಾಡಿದೀನಿ. ಇವಳ ಮನೇಲಿ ಕಲ್ತೆ. ಅಲ್ಲಿ ಕಾಲು ಅದ್ದಬೇಕಾಗಿಲ್ಲ."

ಈಗ ಅವಳು ಕೋಲಾರದಲ್ಲಿ ಸೈನ್ಸ್ ಓದುತ್ತಿದ್ದಾಳೆ. ಮೊನ್ನೆ ಅಲ್ಲಿಯೂ ಪೋಷಕರ ಸಭೆ. ನಾನು ಅಂಗಿಗೆ ಇಸ್ತ್ರಿ ಮಾಡಿ ಕಾಯುತ್ತಿದ್ದೆ. ಅವಳು ಅಪ್ಪನನ್ನು ಹೊರಡಿಸಿದಳು. ಅಪ್ಪ ಸಭೆಯಲ್ಲಿ ಏನು ಮಾತಾಡ್ತಾನೆ ಕಣೇ ಅಂದೆ.

"ಏನೂ ಮಾತಾಡಲ್ಲ," ಅಂದಳು. "ಅದಕ್ಕೇ."

ಹುಳ ಬಿಟ್ಟು ಅಲ್ಲಾಡದ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಬಸ್ಸು ಹತ್ತಿದ. ಅಜ್ಜಿ ಮಲಗಿದ್ದಳು. ಉಳಿದದ್ದು ನಾನು, ಹುಳಗಳು. ಇಸ್ತ್ರಿ ಅಂಗಿಯಲ್ಲೇ ಬೋಗುಣಿಗೆ ಕಾಲು ಅದ್ದಿ ಒಳಗೆ ಹೋದೆ, ಸೊಪ್ಪು ಹಾಕಿದೆ. ಪಕ್ಕದಲ್ಲೇ ನಿಂತು, ನನ್ನಂಥ ಮೇಲ್ವಿಚಾರಕ ನಿಮಗೆ ಬೇರೆಲ್ಲಿ ಸಿಗುತ್ತಾನೆ ಅಂತ ಹೇಳಲು ಶುರು ಮಾಡಿದೆ. ಅವು ತಲೆಯೆತ್ತಲಿಲ್ಲ, ತಿನ್ನುತ್ತಲೇ ಇದ್ದವು. ಬಾಯಿ ಮುಚ್ಚಿಕೊಂಡು ಈಚೆ ಬಂದೆ.