ಸೊಟ್ಟ ರೊಟ್ಟಿಯ ಪ್ರಮೇಯ

ವಿಜಯಮಹಾಂತೇಶ ಮಾಸ್ತರರ ಸಂಸಾರ ಕೆಟ್ಟಿದ್ದು ಒಂದು ಕೈವಾರದಿಂದ.

ಹುನಗುಂದದ ಹೈಸ್ಕೂಲಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು. ಕರಿಹಲಗೆಯ ಮೇಲೆ ಬರಿಗೈಯಲ್ಲಿ, ಒಂದೇ ಬೀಸಿಗೆ ದುಂಡನೆಯ ವೃತ್ತ ಎಳೆಯುವುದರಲ್ಲಿ ಅವರದು ಎತ್ತಿದ ಕೈ. ಅಂಥವರು ಒಂದು ರವಿವಾರ ಜತೆಯ ಮಾಸ್ತರ ದೀಪಕನನ್ನು ಊಟಕ್ಕೆ ಕರೆದರು. ಊಟದ ನಡುವೆ ಮಾತು ಹುಡುಗರ ದಡ್ಡತನದ ಕಡೆ ಹೊರಳಿತು.

"ವೃತ್ತ ಅಂದ್ರೇನಂತ ಒಬ್ಬಗೂ ತಿಳಿಯೂದಿಲ್ಲ ನೋಡ್ರಿ ಸರ್," ಎಂದ ದೀಪಕ.

ಮಾಸ್ತರರಿಗೆ ಹುರುಪು ಬಂತು. ಅಂಗಿಯ ಕಿಸೆಯಿಂದ ಕೈವಾರ ತೆಗೆದರು. ತಾಟಿನಲ್ಲಿದ್ದ ಬಿಸಿ ರೊಟ್ಟಿಯ ನಡುವೆ ಅದರ ಮೊನೆ ಊರಿ, ಇನ್ನೊಂದು ಕಾಲನ್ನು ಅಗಲಿಸಿ ಅಂಚಿನ ಸುತ್ತ ತಿರುಗಿಸಿದರು.

"ನೋಡು, ಈ ಕಡೆ ತ್ರಿಜ್ಯ ಹೆಚ್ಚಾತು. ಆ ಕಡೆ ಕಡಿಮಿ ಬಿತ್ತು. ಅಂದ್ರ ಇದು ವೃತ್ತ ಅಲ್ಲ. ಹುಡುಗರಿಗೆ ಹಿಂಗ ತೋರಿಸಬೇಕು."

ದೀಪಕ ಹೊಟ್ಟೆ ಹಿಡಿದುಕೊಂಡು ನಕ್ಕ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮಾಸ್ತರರ ಹೆಂಡತಿ ಬಸವೇಶ್ವರಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ದುಂಡನ್ನ ರೊಟ್ಟಿ ಬೇಕಾದ್ರ ಆ ಕಂಪಾಸಿಗೇ ಬಡೀಲಿಕ್ಕೆ ಹೇಳ್ರಿ," ಎಂದಳು. ಸಂಜೆಯ ಬಸ್ಸಿಗೆ ತವರೂರು ಚೊಳಚಗುಡ್ಡಕ್ಕೆ ಹೊರಟುಹೋದಳು.

ಎರಡು ದಿನದಲ್ಲಿ ಬರುತ್ತಾಳೆ ಎಂದುಕೊಂಡಿದ್ದರು ಮಾಸ್ತರರು. ವಾರಗಳೇ ಉರುಳಿದವು. ಫೋನು ಮಾಡಿದರೆ ಅತ್ತೆ ಎತ್ತುತ್ತಿದ್ದಳು. "ಆರಾಮ ಅದೀರಿ?" "ಆರಾಮ ಅದೀವ್ರಿ." ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹೆಂಡತಿಗೆ ಕೊಡಿರಿ ಅನ್ನಲು ಮಾಸ್ತರರ ನಾಲಿಗೆ ಏಳುತ್ತಿರಲಿಲ್ಲ. ಅತ್ತೆಯೂ ತಾನಾಗಿ ಕೊಡುತ್ತಿರಲಿಲ್ಲ.

ಖಾನಾವಳಿಯ ಊಟದಿಂದ ಹೊಟ್ಟೆಯೇನೋ ತುಂಬುತ್ತಿತ್ತು. ಅವರನ್ನು ಕೊಂದದ್ದು ಬೆಳಗಿನ ಸಪ್ಪಳ. ಏಳು ಗಂಟೆ ಆಯಿತೆಂದರೆ ಓಣಿಯ ಮನೆಮನೆಯಲ್ಲೂ ಟಪ ಟಪ ಎಂದು ರೊಟ್ಟಿ ಬಡಿಯುವುದು ಸುರುವಾಗುತ್ತಿತ್ತು, ಜತೆಗೆ ಬಳೆಯ ಸದ್ದು. ತಮ್ಮ ಮನೆಯೊಂದೇ ಮೂಕವಾಗಿರುತ್ತಿತ್ತು. ಮಾಸ್ತರರು ದಿಂಬಿನಲ್ಲಿ ಕಿವಿ ಹುದುಗಿಸಿ ಮಲಗುತ್ತಿದ್ದರು. ಹೆಂಡತಿ ಬೇಕು ಅನ್ನಿಸುತ್ತಿತ್ತು. ಇಷ್ಟು ಸಣ್ಣ ಮಾತನ್ನು ಹದಿನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ ಯಾರ ಮುಂದೆ, ಯಾವ ಬಾಯಿಂದ ಹೇಳುವುದು?

ಹೀಗಿರುವಾಗ ಒಂದು ರವಿವಾರ ಎದುರುಮನೆಯ ಮುದಕಪ್ಪ ತಾನಾಗಿಯೇ ಬಂದು ಕಟ್ಟೆಯ ಮೇಲೆ ಕುಳಿತ. ಬಸ್ ಡಿಪೋದಿಂದ ನಿವೃತ್ತನಾದ ಮೇಲೆ ಅವನಿಗೆ ಓಣಿಯ ಸಂಸಾರಗಳನ್ನು ಟೈಮಿಗೆ ಸರಿಯಾಗಿ ಓಡಿಸುವುದೇ ಕೆಲಸ.

"ಬಾಯಿಲೆ ತಪ್ಪಾತು ಅನ್ನೂದು ನಿಮಗ ಆಗೂದಲ್ಲ, ಬಿಡ್ರಿ," ಎಂದ. "ಒಂದ ಕೆಲಸಾ ಮಾಡ್ರಿ. ನೀವ ಕೂತು ರೊಟ್ಟಿ ಬಡೀರಿ. ಸೊಟ್ಟ ಬರತಾವ. ಅವನ್ನ ಒಯ್ದು ಆಕೀ ಮುಂದ ಇಡ್ರಿ. ರೊಟ್ಟಿ ದುಂಡಗ ಮಾಡೂದು ಎಷ್ಟ ಕಷ್ಟ ಅಂತ ನಿಮಗ ಗೊತ್ತಾತು ಅನ್ನೂದು ಆಕಿಗೆ ಗೊತ್ತಾಗತೈತಿ. ನಕ್ಕೊಂತ ಬರ್ತಾಳ."

ಮಾಸ್ತರರಿಗೆ ಇದು ಹಿಡಿಸಿತು. ಸಾಧನೆ ಇತ್ತು, ಆಧಾರ ಇತ್ತು, ಬಾಯಿ ಬಿಡುವ ಗೊಡವೆ ಇರಲಿಲ್ಲ. ಆಗಲೇ ಜೋಳದ ಹಿಟ್ಟಿನ ಡಬ್ಬಿ ಇಳಿಸಿದರು.

ಮೊದಲನೆಯದು ಬಡಿಯುತ್ತಿದ್ದಂತೆ ಮೂರು ಕಡೆ ಚೂಪಾಯಿತು. ವಿಷಮಬಾಹು ತ್ರಿಭುಜ. ಎರಡನೆಯದಕ್ಕೆ ನಾಲ್ಕು ಬಾಹುಗಳು ಬಂದವು, ಆದರೆ ಯಾವ ಎರಡೂ ಸಮಾಂತರವಾಗಿರಲಿಲ್ಲ. ಅದನ್ನು ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಕರ್ಣದುದ್ದಕ್ಕೂ ಸೀಳಿ ಎರಡು ತ್ರಿಭುಜಗಳಾದವು. ಬೆರಳು ಸುಟ್ಟಿತು. ಮೀಸೆಗೆ ಹಿಟ್ಟು ಹತ್ತಿತು. ಹೊಗೆ ನೋಡಿ ಪಕ್ಕದ ಮನೆಯ ಸಕ್ರವ್ವ ಓಡಿಬಂದಳು. ಅವಳ ಹಿಂದೆ ಅರ್ಧ ಓಣಿ ಬಂತು.

"ತಣ್ಣೀರಾಗ ಕಲಿಸೀರೇನ್ರಿ ಮಾಸ್ತರ? ಎಸರು ಹಾಕಿ ನಾದಬೇಕ್ರಿ! ಹಿಟ್ಟು ಹದಾ ಬಂದ್ರ ರೊಟ್ಟಿ ತಾನ ದುಂಡಗಾಗತೈತಿ," ಎಂದಳು ಸಕ್ರವ್ವ.

"ಅಂಗೈ ಸಡ್ಲ ಬಿಡ್ರಿ!" ಎಂದು ಬಾಗಿಲಿನಿಂದ ಒಬ್ಬಳು ಕೂಗಿದಳು.

"ಸಡ್ಲ ಬಿಟ್ರ ಹರೀತೈತಿ, ಒತ್ತಿ ಬಡೀರಿ!" ಎಂದು ಇನ್ನೊಬ್ಬಳು.

ಯಾರ ಮಾತು ಕೇಳಿದರೂ ರೊಟ್ಟಿ ಮಾತ್ರ ಮಾಸ್ತರರ ಮಾತು ಕೇಳಲಿಲ್ಲ. ಅವರಿಗೆ ಅದೇ ಬೇಕಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಇದ್ದುದರಲ್ಲಿ ಅತಿ ಸೊಟ್ಟಗಿನ ಮೂರನ್ನು ಆರಿಸಿ ಸ್ಟೀಲ್ ಡಬ್ಬಿಗೆ ಹಾಕಿದರು. ಒಂದು ತ್ರಿಭುಜ, ಒಂದು ಚತುರ್ಭುಜ, ಇನ್ನೊಂದಕ್ಕೆ ಯಾವ ಪಠ್ಯಪುಸ್ತಕವೂ ಹೆಸರಿಟ್ಟಿರಲಿಲ್ಲ. ಅವನ್ನು ನೋಡಿ ಅವರ ಎದೆ ಹಗುರಾಯಿತು.

"ಯಪ್ಪಾ, ಇಂಥಾವನ್ನ ಬೀಗರ ಮನಿಗೆ ಒಯ್ತೀರಾ? ನಮ್ಮ ಓಣಿ ಮರ್ಯಾದಿ ಏನಾಗಬೇಕು?" ಎಂದು ಸಕ್ರವ್ವ ಗಲ್ಲ ಹಿಡಿದುಕೊಂಡಳು.

"ಇವ ಬೇಕವ್ವ, ಇವ ಬೇಕು," ಎಂದು ಮಾಸ್ತರರು ನಕ್ಕು ಅಂಗಿ ಬದಲಿಸಲು ಒಳಗೆ ಹೋದರು. ಬರುವಷ್ಟರಲ್ಲಿ ಸಕ್ರವ್ವ ಡಬ್ಬಿಗೆ ಅಚ್ಚುಕಟ್ಟಾಗಿ ಬಿಳಿ ಅರಿವೆ ಕಟ್ಟಿಟ್ಟಿದ್ದಳು.

ಬಸ್ಸಿನಲ್ಲಿ ಮಾಸ್ತರರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಬಾದಾಮಿ ಬರುವತನಕ ಒಂದೇ ವಾಕ್ಯವನ್ನು ಹೆಣೆದರು, ಒಡೆದರು, ಮತ್ತೆ ಹೆಣೆದರು. ಅಮೀನಗಡದಲ್ಲಿ ಕರದಂಟು ಕೊಂಡಾಗ ಅದು ತುಸು ಉದ್ದವಾಗಿತ್ತು. ಪಟ್ಟದಕಲ್ಲು ದಾಟುವಾಗ ಅರ್ಧ ಉದುರಿತು. ಕೊನೆಗೆ ಉಳಿದದ್ದು ಇಷ್ಟು: "ಬಸೂ, ನೀ ಇಲ್ಲದ ನಾ ಕೇಂದ್ರ ಇಲ್ಲದ ವೃತ್ತ ಆಗೇನಿ."

"ಡಬ್ಬ್ಯಾಗ ಏನ್ರಿ ಸರ, ಅಷ್ಟು ಗಟ್ಟಿ ಹಿಡಕೊಂಡೀರಿ?" ಎಂದ ಪಕ್ಕದವನು.

"ನನ್ನ ತಪ್ಪು ಐತ್ರಿ," ಎಂದರು ಮಾಸ್ತರರು. ಅವನು ಆಮೇಲೆ ಕಿಟಕಿಯ ಹೊರಗೇ ನೋಡುತ್ತ ಕುಳಿತ.

ಬಾದಾಮಿಯಲ್ಲಿ ಇಳಿದು ಟಂಟಂ ಹತ್ತಿ ಚೊಳಚಗುಡ್ಡ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಬಾಗಿಲಲ್ಲೇ ಒಂದು ಬ್ಯಾಗು ಕಂಡಿತು. ಬಸವೇಶ್ವರಿಯದು. ಅತ್ತೆ ಸಿದ್ದಲಿಂಗವ್ವ ಕಾಲಿಗೆ ನೀರು ಕೊಡುತ್ತ ಮೆಲ್ಲಗೆ ಹೇಳಿದಳು:

"ನಾಳೆ ಮುಂಜಾನೆ ತಾನ ಬರಾಕಿ ಇದ್ಲ್ರಿ ಅಳಿಯಾರ. ಇಷ್ಟ ದಿನಾ ಇಲ್ಲಿ ಕೂತು ದುಂಡನ್ನ ರೊಟ್ಟಿ ಬಡಿಯೂದು ರೂಢಿ ಮಾಡ್ಯಾಳ. ತಾಟು ಬೋರಲ ಹಾಕಿ ಅಳದು ನೋಡ್ತಾಳ. ಮತ್ತ ಮಂದೀ ಮುಂದ ಗಂಡ ನಗಬಾರದು ಅಂತ. ಈಗೂ ಅಡಗಿಮನ್ಯಾಗ ಹಿಟ್ಟು ನಾದಾಕತ್ಯಾಳ."

ಮಾಸ್ತರರಿಗೆ ಅಲ್ಲೇ ಅಳು ಬಂತು. ಈ ಹೆಂಗಸು ತನಗಾಗಿ ರೊಟ್ಟಿ ಅಳೆಯುತ್ತ ಕುಳಿತಿದ್ದಾಳೆ, ತಾನೋ ದಿಂಬಿನಲ್ಲಿ ಕಿವಿ ಹುದುಗಿಸಿ ಮಲಗಿದ್ದಾಯಿತು. ಒಳಗೆ ಹೋದರು. ಬಸವೇಶ್ವರಿ ತಲೆ ಎತ್ತಿ ನೋಡಿದಳು. ತುಸು ಸೊರಗಿದ್ದಳು. ಅವರು ಬಂದದ್ದು ಅವಳ ಕಣ್ಣಿಗೆ ಹಿತವಾದದ್ದು ಎಂಥ ದಡ್ಡನಿಗೂ ಕಾಣುವಂತಿತ್ತು.

ಆದರೆ ಪಡಸಾಲೆಯಲ್ಲಿದ್ದ ಮಾವ ಕಾಶಪ್ಪನೂ ಎದ್ದು ಹಿಂದೆಯೇ ಬಂದ. ಹಿರಿಯರ ಮುಂದೆ ಕೇಂದ್ರ, ವೃತ್ತ ಎಂದೆಲ್ಲ ಹೆಂಡತಿಗೆ ಹೇಳುವುದುಂಟೇ? ದಾರಿಯುದ್ದಕ್ಕೂ ಹೆಣೆದ ವಾಕ್ಯವನ್ನು ನುಂಗಿಕೊಂಡರು.

"ರೊಟ್ಟಿ ತಂದೇನಿ," ಎಂದರು ಮಾಸ್ತರರು. "ನಾನ ಬಡದೇನಿ. ನೋಡು, ನನ್ನ ಹಣೇಬರಾ ನಿನಗ ತಿಳೀತೈತಿ."

ಅವಳ ಮುಖ ನೋಡುತ್ತಲೇ ಅರಿವೆ ಬಿಚ್ಚಿ ಮುಚ್ಚಳ ತೆಗೆದರು. ಬಸವೇಶ್ವರಿಯ ತುಟಿಯ ಮೇಲೆ ಮೂಡುತ್ತಿದ್ದ ನಗು ಅರ್ಧಕ್ಕೆ ನಿಂತಿತು. ಮಾಸ್ತರರು ಬಗ್ಗಿ ನೋಡಿದರು. ಡಬ್ಬಿಯಲ್ಲಿ ಮೂರು ರೊಟ್ಟಿ ಹುಣ್ಣಿಮೆಯ ಚಂದ್ರನಂತೆ ದುಂಡಗೆ, ಒಂದರ ಮೇಲೊಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕುಳಿತಿದ್ದವು. ಓಣಿಯ ಮರ್ಯಾದೆ ಉಳಿಸಲು ಸಕ್ರವ್ವ ತನ್ನ ಕೈಯ ರೊಟ್ಟಿ ಹಾಕಿ ಕಟ್ಟಿದ್ದಳು.

"ಭಲೇ ಅಳಿಯಾರ!" ಎಂದ ಕಾಶಪ್ಪ.

"ನನಕಿಂತಾ ದುಂಡಗ ಬಡೀತೇನಿ ಅಂತ ತೋರಸ್ಲಿಕ್ಕೆ ಇಲ್ಲೀತನಕಾ ಬಂದ್ರಿ?" ಎಂದಳು ಬಸವೇಶ್ವರಿ. ದನಿ ಸಣ್ಣಗಿತ್ತು.

"ಇವು ನಾ ಬಡದಾವಲ್ಲ! ಸಕ್ರವ್ವ ಬದಲ ಮಾಡ್ಯಾಳ. ತಡಿ, ಆಕಿನ್ನ ಕೇಳು." ಮಾಸ್ತರರು ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. "ಸಕ್ರವ್ವಾ, ಡಬ್ಬ್ಯಾಗಿನ ರೊಟ್ಟಿ ಯಾರ ಬಡದದ್ದು? ಬಸೂ ಇಲ್ಲೇ ಅದಾಳ, ಖರೆ ಹೇಳು."

ಮಾಸ್ತರರ ಮಾನ ತನ್ನ ಕೈಯಲ್ಲಿದೆ ಎಂದು ಸಕ್ರವ್ವನಿಗೆ ಖಾತ್ರಿಯಾಯಿತು.

"ಮಾಸ್ತರರನ ಬಡದಾರಬೇ ಬಸವೇಶ್ವರೀ! ನನ್ನ ಕಣ್ಣಾರೆ ನೋಡೇನಿ. ಕೈಯಂದ್ರ ಕೈ ನೋಡು ಅವರದು! ನಾವ ಅವರಿಂದ ಕಲೀಬೇಕು!"

ಬಸವೇಶ್ವರಿ ಎದ್ದು ನಿಂತಳು. ಮಾಸ್ತರರಿಗೆ ಇನ್ನು ಒಂದೇ ದಾರಿ ಉಳಿದಿತ್ತು. ಅವಳು ನಾದಿಟ್ಟ ಹಿಟ್ಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು.

"ಎಲ್ಲಾರೂ ನೋಡ್ರಿ. ನನಗ ಬರಾಂಗಿಲ್ಲ ಅಂತ ಈಗ ಸಾಧಿಸಿ ತೋರಸ್ತೇನಿ."

"ಅಳಿಯಾರು ರೊಟ್ಟಿ ಬಡಿಯೂದಂದ್ರೇನ್ರಿ!" ಎಂದು ಸಿದ್ದಲಿಂಗವ್ವ ತಡೆಯುವಷ್ಟರಲ್ಲಿ ಉಂಡೆ ಕೈಗೆ ಬಂದಿತ್ತು. ಮಾಸ್ತರರು ಬಡಿಯತೊಡಗಿದರು. ಎಸರು ಹಾಕಿ ನಾದಿದ ಹಿಟ್ಟು ಅಂಗೈಯಡಿ ಬೆಣ್ಣೆಯಂತಿತ್ತು. ಎಲ್ಲಿ ಬಡಿದರೂ ಸುತ್ತ ಸಮನಾಗಿ ಸರಿಯುತ್ತಿತ್ತು. ಬೆಳಗಿನಿಂದ ಬಡಿದು ಬಡಿದು ಕೈಗೂ ಲಯ ಹತ್ತಿತ್ತು. ಮಾಸ್ತರರು ಗಾಬರಿಯಿಂದ ಕೈ ಎತ್ತಿದಾಗ ಕಲ್ಲಿನ ಮೇಲೆ ಒಂದು ವೃತ್ತವಿತ್ತು. ಕರಿಹಲಗೆಯ ಮೇಲೂ ಅವರು ಅಂಥದ್ದನ್ನು ಎಳೆದಿರಲಿಲ್ಲ.

ಸಿದ್ದಲಿಂಗವ್ವ ಅದನ್ನು ಎತ್ತಿ ಹಂಚಿಗೆ ಹಾಕಿದಳು.

"ಇದು ನನ್ನ ಕೈಯಲ್ಲ ಬಸೂ," ಎಂದರು ಮಾಸ್ತರರು ಹಿರಿಯರನ್ನೂ ಮರೆತು. "ಹಿಟ್ಟು ನೀ ನಾದಿದ್ದು. ನಿನ್ನ ಹಿಟ್ಟು ಯಾರ ಬಡದ್ರೂ ದುಂಡಗ ಆಗತೈತಿ. ನನಗ ನೀ ಬೇಕು."

ತಡವಾಗಿತ್ತು. ದಿನಗಟ್ಟಲೆ ತಾಟು ಬೋರಲು ಹಾಕಿ ಅಳೆದವಳ ಕಣ್ಣು ಆ ರೊಟ್ಟಿಯ ಅಂಚಿನಲ್ಲೇ ನೆಟ್ಟಿತ್ತು.

"ನಾ ನಾದಿದ ಹಿಟ್ಟು ನನ್ನ ಕೈಯಾಗ ಹಿಂಗ ಒಂದ ದಿನಾನೂ ಆಗಲಿಲ್ಲಲ್ರಿ," ಎಂದಳು. "ಇಷ್ಟು ದುಂಡಗ ಬಡೀಲಿಕ್ಕೆ ಬಂದ ದಿನಾ ಬರ್ತೇನಿ. ಅಲ್ಲೀತನಕಾ ನಿಮಗ ನನ್ನಿಂದ ಏನೂ ಅಡಚಣಿ ಆಗಾಂಗಿಲ್ಲ. ಎಲ್ಲಾ ಬರತೈತಲ್ಲ ನಿಮಗ."

ಬಾಗಿಲ ಬಳಿಯಿದ್ದ ಬ್ಯಾಗನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು.

ಮಾಸ್ತರರು ಇನ್ನೊಂದು ಉಂಡೆ ತೆಗೆದುಕೊಂಡರು. ಈ ಸಲ ಬೇಕೆಂದೇ ಒಂದು ಬದಿಗೆ ಗುದ್ದಿದರು, ಕಣ್ಣು ಮುಚ್ಚಿ ಬಡಿದರು. ಕಣ್ಣೀರಿನ ಹನಿಗಳೂ ಅದರ ಮೇಲೆ ಬಿದ್ದವು. ಒಳಗಿನಿಂದ ಅವಳ ದನಿ ಬಂತು:

"ಬೇಕಂತ ಸೊಟ್ಟ ಮಾಡಬ್ಯಾಡ್ರಿ. ಸಪ್ಪಳದಾಗ ನನಗ ತಿಳೀತೈತಿ."

ಕಾಶಪ್ಪ ಬೆಂದ ರೊಟ್ಟಿಯನ್ನು ತಾಟಿಗೆ ಹಾಕಿಕೊಂಡು, ಮುರಿದು ತಿನ್ನುತ್ತ ಎದುರಿಗೆ ಕುಳಿತ. "ಹಾಳಾಗಿ ಹೋಗಲಿ ಅಳಿಯಾರ, ನಿಮ್ಮ ಜಗಳಾ ನಿಮಗಿರಲಿ. ಹೆಂಗೂ ಕೈ ಹಿಟ್ಟಾಗ ಐತಿ, ಇನ್ನೆರಡು ಬಡೀರಿ. ಬಿಸೀದು ಭಾಳ ರುಚಿ ಆಗೇತಿ."

ಮಾಸ್ತರರು ಬಡಿದರು. ಅವೂ ದುಂಡಗೇ ಬಂದವು.