ಏಳನೇ ಅಂಶ ಮತ್ತು ಖಡಕ್ ರೊಟ್ಟಿ

ಜನ ಏನು ತಿನ್ನಬೇಕೆಂದು ತೀರ್ಮಾನಿಸಲು ಸೇರುವ ಸಭೆಗಳಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ, ತೀರ್ಮಾನವೊಂದನ್ನು ಬಿಟ್ಟು.

ನಮ್ಮ ಜಿಲ್ಲೆಗೊಂದು ಆಹಾರ ನೀತಿ ಬೇಕೆಂದು ಯಾರಿಗೋ ಹೊಳೆದು, ಬಳ್ಳಾರಿಯಲ್ಲಿ ಒಂದು ಕರಡು ಸಮಿತಿ ಹುಟ್ಟಿಕೊಂಡಿತು. ಬೆಳೆದವರಿಗೆ ನ್ಯಾಯದ ಬೆಲೆ, ನೀರು ಮಣ್ಣು ಉಳಿಯುವಂಥ ಬೆಳೆ, ಇಲ್ಲಿಯ ಕಾಳು ಇಲ್ಲಿಯ ತಟ್ಟೆಗೆ. ಉದ್ದೇಶಗಳೇನೋ ಚೆನ್ನಾಗಿದ್ದವು. ಪತ್ರಿಕೆಗೆ ಅಂಕಣ ಬರೆಯುತ್ತೇನೆಂಬ ಒಂದೇ ಅಪರಾಧಕ್ಕೆ ನನ್ನನ್ನೂ ಸೇರಿಸಿಕೊಂಡು ನಡಾವಳಿ ಬರೆಯಲು ಕೂಡಿಸಿದರು. ನಾನು ಕೂತಲ್ಲಿ ಕೂರಲಾರದ ಮನುಷ್ಯ. ಒಂದು ಕಾಲು ಅಲ್ಲಾಡಿಸುತ್ತ, ಗಡಿಯಾರ ನೋಡುತ್ತ, ಬರೆದದ್ದನ್ನೇ ಮತ್ತೆ ಬರೆಯುತ್ತ ಹೊತ್ತು ದೂಡುವವನು. ಆದರೆ ಅಧ್ಯಕ್ಷರಾದ ಸಾಹೇಬರ ಮುಂದೆ ನಾನು ಬಂಡೆಗಲ್ಲು. ಅವರು ಬಂದ ಕೂಡಲೇ ಹೋಗಲು ಶುರುಮಾಡುತ್ತಿದ್ದರು.

ಕಾರ್ಯಸೂಚಿಯಲ್ಲಿ ಏಳು ಅಂಶ. ಏಳನೆಯದು ಕುರುಗೋಡಿನ ಅಕ್ಕನದು. ಅಕ್ಕ ಮತ್ತು ಓಣಿಯ ಹತ್ತು ಹೆಣ್ಣುಮಕ್ಕಳು ಕೂಡಿ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಸರ್ಕಾರಿ ಹಾಸ್ಟೆಲ್‌ಗಳು ಆಯಾ ತಾಲ್ಲೂಕಿನ ಮಹಿಳಾ ಗುಂಪುಗಳಿಂದಲೇ ರೊಟ್ಟಿ ಕೊಳ್ಳಬೇಕು ಎಂಬ ಒಂದು ಸಾಲು ನೀತಿಯಲ್ಲಿ ಬರಬೇಕು, ಅಷ್ಟೇ ಅವರ ಬೇಡಿಕೆ. ಬಾರದಿದ್ದರೆ ಟೆಂಡರು ಎಂದಿನಂತೆ ಹೊರಗಿನ ಕಂಟ್ರಾಕ್ಟರಿಗೆ. "ಆ ಸಾಲು ಬಿಟ್ಟುಹೋತಂದ್ರ ನಮ್ಮ ಒಲಿ ಆರಿದಂಗ ನೋಡ್ರಿ. ಮತ್ತ ಎಲ್ಲಾರೂ ಮೆಣಸಿನಕಾಯಿ ಬಿಡಸಾಕ ಕೂಲಿ ಹೋಗೋದೇ," ಎಂದು ಅಕ್ಕ ಮೊದಲ ದಿನವೇ ನನಗೆ ಹೇಳಿದ್ದರು. ಟೆಂಡರು ಯಾರದೆಂಬುದು ನಾಜೂಕಿನ ವಿಷಯ. ಹಾಗಾಗಿ ಸಾಹೇಬರಿಗೆ ಏಳನೇ ಅಂಶ ಹತ್ತಿರ ಬಂದಂತೆ ವೀಸಿ ನೆನಪಾಗುತ್ತಿತ್ತು. ವೀಸಿ ಎಂದರೆ ಮೇಲಿನವರು ಟೀವಿಯಲ್ಲಿ ಕಾಣಿಸಿಕೊಂಡು ಕೆಳಗಿನವರನ್ನು ಬೈಯುವ ಸಭೆ. ಅದನ್ನು ತಪ್ಪಿಸುವಂತಿಲ್ಲ, ಅದರಿಂದ ತಪ್ಪಿಸಿಕೊಂಡು ಬರುವಂತಿಲ್ಲ.

ವೃತ್ತ

ಮೊದಲ ಸಭೆ ಬಳ್ಳಾರಿಯಲ್ಲಿ. ಮೊದಲ ಅಂಶ, 'ಸ್ಥಳೀಯ' ಎಂದರೇನು. ಒಂದೂವರೆ ಗಂಟೆ ಚರ್ಚೆಯಾಯಿತು. ಕೊನೆಗೆ ಒಬ್ಬ ಅಧಿಕಾರಿ ನಕ್ಷೆ ಹರಡಿ, ಕಚೇರಿಯ ಮೇಲೆ ಕೈವಾರದ ಮೊನೆ ಊರಿ, ಐವತ್ತು ಕಿಲೋಮೀಟರಿನ ಒಂದು ಚೆಂದದ ವೃತ್ತ ಎಳೆದರು. ಒಳಗಿದ್ದದ್ದು ಸ್ಥಳೀಯ, ಹೊರಗಿದ್ದದ್ದು ಅಲ್ಲ. ಎಲ್ಲರೂ ತಲೆದೂಗಿದರು.

ಸಮಿತಿಯಲ್ಲಿ ರೈತರ ಪರವಾಗಿ ಸಿರುಗುಪ್ಪ ತಾಲ್ಲೂಕಿನ ದೇಶನೂರಿನ ಹಿರಿಯರೊಬ್ಬರಿದ್ದರು. ಭತ್ತ ಬೆಳೆಯುವವರು. ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು. ಅವರು ಕನ್ನಡಕ ಏರಿಸಿ ನಕ್ಷೆಯ ಮೇಲೆ ಬಾಗಿದರು.

"ಆಂಧ್ರದ ಆಲೂರು ಒಳಗ ಐತಿ."

"ಐತ್ರಿ ಯಜಮಾನ್ರ."

"ರಾಯದುರ್ಗನೂ ಒಳಗ ಐತಿ."

"ಹೌದ್ರಿ."

"ದೇಶನೂರು ಹೊರಗ ಬಿತ್ತಲ್ರೀ! ಸಿರುಗುಪ್ಪಾನೂ ಹೊರಗ!"

ಕೈವಾರದ ಅಧಿಕಾರಿ ವೃತ್ತವನ್ನು ಅಳಿಸಲು ನೋಡಿದರು. ಶಾಯಿಯ ಪೆನ್ನು. ಸಾಹೇಬರು ಗಡಿಯಾರ ನೋಡಿ, "ಸಿರುಗುಪ್ಪ ತಾಲ್ಲೂಕನ್ನು ವಿಶೇಷ ಪ್ರಕರಣವೆಂದು ಪರಿಗಣಿಸಿ ನಮ್ಮ ಜಿಲ್ಲೆಯಲ್ಲೇ ಇದೆ ಎಂದು ಭಾವಿಸಬಹುದು, ಬರ್ಕೊಳ್ಳಿ" ಎಂದು ವೀಸಿಗೆ ಹೊರಟರು. ಏಳನೇ ಅಂಶ ಮುಂದಿನ ಸಭೆಗೆ ಹೋಯಿತು.

ಯಜಮಾನ್ರು ಟವೆಲ್ಲು ಕೊಡವಿ ಎದ್ದು ನನ್ನನ್ನು ಕೇಳಿದರು: "ಭಾವಿಸಿದ್ದು ಆತಲ್ಲ? ಇನ್ನ ಬಸ್ಸಿಗೆ ಹೋಗಬಹುದೇನ್ರಿ, ಇಲ್ಲ ವೀಸಾ ಬೇಕೋ?"

ಇಬ್ಬರಿಗೂ ಅನುಕೂಲ

ಎರಡನೇ ಸಭೆ ಸಿರುಗುಪ್ಪದಲ್ಲಿ. ಅಂದು ಸಾಹೇಬರು ಹುರುಪಿನಲ್ಲಿದ್ದರು. ಭತ್ತ ಎಷ್ಟು ನೀರು ಕುಡಿಯುತ್ತದೆ, ಜೋಳ ಎಷ್ಟು ಸಾಧು, ರೊಟ್ಟಿ ತಿಂದರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಹೇಗೆ ಮುಟ್ಟುತ್ತದೆ, ಎಲ್ಲ ವಿವರಿಸಿದರು. ಮಾತೆಲ್ಲ ನಿಜವೇ. "ನಾವು ಅನ್ನದ ಗುಲಾಮರಾಗಿದ್ದೇವೆ!" ಎಂದು ಮೇಜು ಕುಟ್ಟಿದರು.

ಅಷ್ಟರಲ್ಲಿ ಊಟ ಬಂತು. ಅನ್ನ, ಸಾರು, ಚಿತ್ರಾನ್ನ, ಮೊಸರನ್ನ. ಸಾಹೇಬರು ಮೂರೂ ಅನ್ನಗಳನ್ನು ಸಮನಾಗಿ ಗೌರವಿಸಿದರು.

ಯಜಮಾನ್ರು ಕೈಚೀಲದಿಂದ ಬಟ್ಟೆಯ ಗಂಟು ತೆಗೆದರು. ಒಳಗೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ.

"ಏನ್ ಯಜಮಾನ್ರೆ, ಭತ್ತದ ಊರಿನವರು ನೀವು, ರೊಟ್ಟಿ ತಂದಿದ್ದೀರಿ?" ಎಂದು ಸಾಹೇಬರು ಅಚ್ಚರಿಪಟ್ಟರು.

"ನಾವು ನೆಲ್ಲು ಬೆಳದು ರೊಟ್ಟಿ ತಿಂತೀವ್ರಿ. ನೀವು ರೊಟ್ಟಿ ಬಗ್ಗೆ ಮಾತಾಡಿ ಅನ್ನ ತಿಂತೀರಿ. ಹಿಂಗ ನಡಸ್ಕೊಂಡು ಹೋದ್ರ ಇಬ್ರಿಗೂ ಅನುಕೂಲ ಐತಿ."

ಸಾಹೇಬರಿಗೆ ಮೊಸರನ್ನದ ಮಧ್ಯದಲ್ಲೇ ವೀಸಿ ನೆನಪಾಯಿತು.

ದಪ್ಪ, ಅಗಲ, ತೂಕ

ಏಳನೇ ಅಂಶಕ್ಕೆ ಮೊದಲು ರೊಟ್ಟಿಯ ಗುಣಮಟ್ಟ ತಿಳಿಯಬೇಕೆಂದು ಖರೀದಿ ವಿಭಾಗದಿಂದ ಒಬ್ಬನನ್ನು ಕುರುಗೋಡಿಗೆ ಕಳಿಸಿದರು. ಕೈಯಲ್ಲಿ ನಮೂನೆ, ಸ್ಕೇಲು, ಸಣ್ಣದೊಂದು ತಕ್ಕಡಿ. ನಡಾವಳಿಗೆ ಬೇಕೆಂದು ನಾನೂ ಹೋದೆ. ಅಷ್ಟು ಹೊತ್ತಿಗೆ ತಿಂಗಳು ಮುಗಿಯುತ್ತ ಬಂದಿತ್ತು, ಕರಡು ಬೆಂಗಳೂರಿಗೆ ಹೋಗಬೇಕಾದ ದಿನ ಹತ್ತಿರವಿತ್ತು, ನನ್ನ ಎರಡೂ ಕಾಲು ಅಲ್ಲಾಡುತ್ತಿದ್ದವು.

ಹಂಚಿನ ಮೇಲೆ ರೊಟ್ಟಿ ಉಬ್ಬಿ ಚೆಂಡಿನಂತಾಯಿತು. ಆತ ಸ್ಕೇಲು ಹಿಡಿದು ಬಾಗಿದ.

"ದಪ್ಪ ಎಷ್ಟು ಅಂತ ಬರೀಲಿ?"

"ಈಗಿಂದು ಬೇಕೋ, ಇಳದ ಮ್ಯಾಲಿಂದೋ?" ಎಂದರು ಅಕ್ಕ.

ಆತ ನಮೂನೆ ತಿರುಗಿಸಿ ನೋಡಿದ. ಅಲ್ಲಿ ಆ ಪ್ರಶ್ನೆ ಇರಲಿಲ್ಲ. ಅಗಲ ಅಳೆದ. ಒಬ್ಬೊಬ್ಬರ ಕೈಯದು ಒಂದೊಂದು ಅಗಲ. "ಎಲ್ಲಾ ಒಂದೇ ಅಳತಿ ಇರಬೇಕಮ್ಮ."

"ಹನ್ನೊಂದು ಮಂದಿ ಅದೀವಿ. ಎಲ್ಲಾರ್ದೂ ಕೈ ಕಡದು ಒಂದೇ ಅಳತಿ ಮಾಡಸ್ರಿ ಹಂಗಾದ್ರ," ಎಂದು ಒಲೆಯ ಆಚೆಯಿಂದ ಒಬ್ಬಳು ಕೂಗಿದಳು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ತಟ್ಟೆಗೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿ, "ತಣ್ಣಗಾಗ್ತೈತಿ, ಮೊದ್ಲ ತಿನ್ರಿ" ಎಂದರು. ಆತ ಕರ್ತವ್ಯನಿಷ್ಠ. ಒಂದೊಂದು ಕೈಯದೂ ಪರೀಕ್ಷಿಸಬೇಕೆಂದು ಐದು ರೊಟ್ಟಿಯವರೆಗೆ ಪರೀಕ್ಷಿಸಿದ.

ವಾರದ ಮೇಲೆ ವರದಿ ಬಂತು. ದಪ್ಪ, ಅಗಲ, ತೂಕದ ಕಾಲಮುಗಳು ಖಾಲಿ. ಕೆಳಗೆ ಒಂದೇ ಷರಾ: "ಸಂಗ್ರಹಿಸಿದ ಐದೂ ಮಾದರಿಗಳನ್ನು ಸ್ಥಳದಲ್ಲಿಯೇ ವಿಲೇವಾರಿ ಮಾಡಲಾಗಿದೆ."

ಸಾರ್ವಜನಿಕ ಅಭಿಪ್ರಾಯ

ಕರಡಿನ ಮೇಲೆ ಸಾರ್ವಜನಿಕರ ಸಲಹೆ ಕೇಳಿದ್ದರು. ಬಂದದ್ದು ಒಂದೇ, ಕೊಳಗಲ್ಲು ಗ್ರಾಮದಿಂದ, ಅಂಚೆ ಕಾರ್ಡಿನಲ್ಲಿ: "ನಿಮ್ಮ ಕರಡು ಎಲ್ಲೂ ಓದಾಕ ಸಿಗಲಿಲ್ಲ. ಆದರೂ ನಮ್ಮದೇನೂ ತಕರಾರಿಲ್ಲ."

ನಡಾವಳಿಯಲ್ಲಿ ಸಾಹೇಬರು ನನ್ನಿಂದ ಬರೆಸಿದ್ದು: "ಸಾರ್ವಜನಿಕರು ಸರ್ವಾನುಮತದಿಂದ ಬೆಂಬಲಿಸಿರುತ್ತಾರೆ."

ಕೊನೆಯ ಸಭೆ

ಕರಡು ಕಳಿಸುವ ಹಿಂದಿನ ದಿನ. ಏಳನೇ ಅಂಶವನ್ನು ಮುಂದೂಡಿ ಮುಂದೂಡಿ, ಅದರ ಮುಂದೆ 'ಮುಂದೂಡಲಾಗಿದೆ' ಎಂದು ನನ್ನ ಕೈ ತಾನಾಗಿಯೇ ಬರೆಯುವ ಸ್ಥಿತಿಗೆ ಬಂದಿತ್ತು. ಅಕ್ಕ ಹೇಗೋ ಪಟ್ಟು ಹಿಡಿದು ಸಭೆಯನ್ನು ಕುರುಗೋಡಿನ ತಮ್ಮ ರೊಟ್ಟಿ ಶೆಡ್ಡಿಗೇ ಕರೆಸಿಕೊಂಡಿದ್ದರು.

ಸಾಹೇಬರು ಜೀಪಿನಿಂದ ಇಳಿಯುತ್ತಲೇ, "ಮಧ್ಯಾಹ್ನ ವೀಸಿ ಇದೆ, ಬೇಗ ಮುಗಿಸೋಣ" ಎಂದರು.

"ಹಂಗಾದ್ರ ಊಟ ಬ್ಯಾರೆ, ಮೀಟಿಂಗ್ ಬ್ಯಾರೆ ಯಾಕ್ರಿ? ಕೂಡೇ ಆಗಲಿ, ಕೂಡ್ರಿ," ಎಂದು ಅಕ್ಕ ನೆಲದ ಮೇಲೆ ಸಾಲಾಗಿ ಚಾಪೆ ಹಾಸಿದರು. ಸಮಯ ಉಳಿಯುತ್ತದೆಂದು ಸಾಹೇಬರಿಗೆ ಖುಷಿಯಾಯಿತು. ಪಂಕ್ತಿಯ ನಟ್ಟನಡುವೆ ಅವರನ್ನು ಕೂಡಿಸಿದರು. ತುದಿಯಲ್ಲಿ ಯಜಮಾನ್ರು. ಎಲ್ಲರಿಗೂ ಬಿಸಿ ರೊಟ್ಟಿ. ಯಜಮಾನ್ರಿಗೆ ಮಾತ್ರ, ಅವರೇ ಕೇಳಿದರೆಂದು, ಒಣಗಿದ ಖಡಕ್ ರೊಟ್ಟಿಯ ಒಂದು ಗೋಪುರ. ಅವರ ಬಾಯಲ್ಲಿ ಉಳಿದದ್ದು ನಾಲ್ಕೇ ಹಲ್ಲು.

ನಾನು ಅಂಶಗಳನ್ನು ಓದುತ್ತ ಹೋದೆ. ಒಂದು, ಎರಡು, ಮೂರು, ಪಟಪಟನೆ ಒಪ್ಪಿಗೆ. ಆರನೆಯದು ಮುಗಿದಾಗ ಸಾಹೇಬರ ತಟ್ಟೆ ಖಾಲಿ. ಡ್ರೈವರು ಬಾಗಿಲಲ್ಲಿ ಇಣುಕಿದ: "ಸಾರ್, ವೀಸಿ."

ಸಾಹೇಬರು ಏಳಲು ಕೈಯೂರಿದರು. ಇಡೀ ಪಂಕ್ತಿ ಅವರನ್ನು ನೋಡಿತು. ಹಿರಿಯರ ಊಟ ಮುಗಿಯುವ ಮೊದಲು ಪಂಕ್ತಿಯಿಂದ ಏಳುವುದುಂಟೆ? ಅದಕ್ಕೆ ಕಾನೂನಿಲ್ಲ. ಕಾನೂನಿದ್ದಿದ್ದರೆ ಸಾಹೇಬರು ಎದ್ದುಬಿಡುತ್ತಿದ್ದರು.

ಯಜಮಾನ್ರು ರೊಟ್ಟಿಯ ಚೂರೊಂದನ್ನು ಸಾರಿನಲ್ಲಿ ನೆನೆಹಾಕಿ, ಅದು ಮೆತ್ತಗಾಗುವುದನ್ನು ನೋಡುತ್ತ ಕೂತಿದ್ದರು.

"ಯಜಮಾನ್ರೆ, ಇನ್ನೂ ಎಷ್ಟು ಹೊತ್ತು..."

"ಹಲ್ಲಿಲ್ಲ ನೋಡ್ರಿ ಸಾಹೇಬ್ರ. ನಿಧಾನ ಆಗ್ತೈತಿ."

ಸಾಹೇಬರ ಬಲಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಬಲಗೈ ಎಂಜಲು. ಎಡಗೈ ಸುತ್ತಿ ಬಂದು ಜೇಬು ಮುಟ್ಟುವಷ್ಟರಲ್ಲಿ ಅದು ನಿಂತು, ಮತ್ತೆ ಶುರುವಾಯಿತು. ಅವರು ಬೆವರಿದರು. "ಏಳನೇ ಅಂಶ ಮುಂದಿನ ಸಭೆಗೆ ಇಟ್ಕೊಳ್ಳೋಣ."

ಅಕ್ಕ ಯಜಮಾನ್ರ ಗೋಪುರದ ಮೇಲೆ ಇನ್ನೊಂದು ರೊಟ್ಟಿ ಇಟ್ಟರು. "ಆಗಲಿ ಬಿಡ್ರಿ. ಮುಂದಿನ ಸಭಿ ಹಿಂಗ ಕುಂತಲ್ಲೇ ಶುರು ಮಾಡಾಣ. ಯಜಮಾನ್ರಿಗೆ ಇನ್ನೂ ಎರಡು ಬುಟ್ಟಿ ಖಡಕ್ ರೊಟ್ಟಿ ತೆಗದಿಟ್ಟೀನಿ."

"ನನಗೇನು ಅವಸರ ಇಲ್ಲವ್ವ," ಎಂದರು ಯಜಮಾನ್ರು.

ಫೋನು ಮೂರನೇ ಸಲ ಬಡಿದುಕೊಂಡಿತು. ಸಾಹೇಬರು ಗೋಪುರ ನೋಡಿದರು, ಬಾಗಿಲು ನೋಡಿದರು, ನನ್ನನ್ನು ನೋಡಿದರು. "ಓದ್ರೀ ಅದನ್ನ!"

ಓದಿದೆ. "ಒಪ್ಪಿಗೆ!" ಎಂದರು. ಅಕ್ಕ ಆಗಲೇ ಚೊಂಬು ತಂದು, ಕೂತಲ್ಲೇ ಅವರ ಕೈಗೆ ನೀರು ಹಾಕಿ, ಸೆರಗಿನಲ್ಲೇ ಒರೆಸುವಷ್ಟು ಹತ್ತಿರ ನಿಂತಿದ್ದರು. ಸಾಹೇಬರು ಸಹಿ ಹಾಕಿದರು. ಒಲೆಯ ಹತ್ತಿರ ಯಾರೋ ಜೋರಾಗಿ ಉಸಿರು ಬಿಟ್ಟರು.

ಪೆನ್ನಿನ ಮುಚ್ಚಳ ಬಿದ್ದದ್ದೇ ತಡ, ಯಜಮಾನ್ರು ತಟ್ಟೆ ಸರಿಸಿ, ಗೋಪುರವನ್ನು ಹಾಗೇ ಬಿಟ್ಟು, ಮೊಣಕಾಲಿನ ಮೇಲೆ ಕೈಯೂರಿ ಎದ್ದುನಿಂತರು.

"ಅಯ್ಯೋ, ಊಟ ಮುಗಿಸ್ರಿ ಯಜಮಾನ್ರೆ!" ಎಂದರು ಸಾಹೇಬರು, ಈಗ ಧಾರಾಳವಾಗಿ.

"ಇಲ್ರಿ ಸಾಹೇಬ್ರ, ಎರಡನೇ ಅಂಶಕ್ಕ ನನ್ನ ಹೊಟ್ಟಿ ತುಂಬಿತ್ತು."