ಹಿಲ್ಸ್‌ಬರೋದ ರೋಮನ್ನರು

ರೋಮ್ ಸಾಮ್ರಾಜ್ಯ ಬಿದ್ದು ಬಹಳ ಕಾಲವಾಯಿತು. ನಮ್ಮ ಹಿಲ್ಸ್‌ಬರೋದ ಲೈಬ್ರರಿಯಲ್ಲಿ ಮಾತ್ರ ಮಂಗಳವಾರ ಬಂತೆಂದರೆ ಎದ್ದು ಕೂರುತ್ತದೆ. ಎದ್ದಾಗಲೆಲ್ಲ ಏನಾದರೊಂದು ಆಗುತ್ತದೆ.

ಸೇರಿದ್ದು

ಪಕ್ಕದ ಮನೆಯವರ ಮಗಳು ಇಲ್ಲೇ, ಅಮೆರಿಕದಲ್ಲೇ ಹುಟ್ಟಿದವಳು. ಕಂಪ್ಯೂಟರ್ ಸೈನ್ಸ್ ಬಿಟ್ಟು ಲ್ಯಾಟಿನ್ ಓದಿದಳು. ಅಪ್ಪ ಅಮ್ಮ ಸೂತಕದ ಮನೆಯವರಂತೆ ಕೂತರು. ಲೈಬ್ರರಿಯವರು ಅವಳಿಗೆ ಒಂದು ಕ್ಲಾಸ್ ಕೊಟ್ಟರು: ಹಿರಿಯರಿಗೆ ಪ್ರಾಚೀನ ರೋಮಿನ ಸಾಹಿತ್ಯ, ಸಂಸ್ಕೃತಿಯ ಪರಿಚಯ. ಜನ ಬರದಿದ್ದರೆ ಈ ಟರ್ಮ್‌ಗೇ ಮುಗಿಯಿತು. ಮುಗಿದರೆ ಐಟಿ ಕೋರ್ಸಿಗೆ ಸೇರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು.

"ಅಂಕಲ್, ಪ್ಲೀಸ್. ಜಸ್ಟ್ ಬಂದು ಕೂತ್ಕೊಳ್ಳಿ, ಸಾಕು."

ಸತ್ತ ಭಾಷೆ ನನಗೇಕೆ ಅಂದೆ. ಒಳಗಿನಿಂದ ನನ್ನ ಹೆಂಡತಿ ಹೇಳಿದಳು: "ಹೋಗ್ರೀ. ಬದುಕಿರೋ ಭಾಷೇಲಂತೂ ನೀವು ಮಾತಾಡಲ್ಲ."

ಮಲಗಿ ಊಟ

ಓಲ್ಡ್ ಬ್ರಿಡ್ಜ್‌ ಊರಿನಲ್ಲಿರುವ ಗೆಳೆಯನನ್ನೂ ಎಳೆದು ತಂದೆ. ಮೈಸೂರಿನವನು. ಫೋನಿನಲ್ಲಿ ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗುವವನಲ್ಲ.

ಒಂದು ವಾರ ರೋಮನ್ ಔತಣ. ಅಲ್ಲಿನ ಶ್ರೀಮಂತರು ಎಡಮೊಣಕೈ ಊರಿ, ಮಲಗಿಕೊಂಡೇ ಉಣ್ಣುತ್ತಿದ್ದರಂತೆ. ಹುಡುಗಿ ಯೋಗ ಮ್ಯಾಟ್ ಹಾಸಿ ದ್ರಾಕ್ಷಿ, ಬ್ರೆಡ್ ಇಟ್ಟಳು. ಗೆಳೆಯ ಪುಳಿಯೋಗರೆ ತಂದಿದ್ದ. ಮಲಗಿ ಉಂಡರೆ ಅವನ ಅಮ್ಮ ಸೌಟಿನಲ್ಲಿ ಹೊಡೆಯುತ್ತಿದ್ದರಂತೆ. ಆದರೂ ಮಲಗಿದ. ನಾನೂ ಮಲಗಿದೆ. ಚೆನ್ನಾಗಿಯೇ ಉಂಡೆವು.

ಆಮೇಲೆ ಮಂಡಿ ಮಡಚಲಿಲ್ಲ. ಅವನಿಗೂ ಅಷ್ಟೇ. ಹುಡುಗಿ ಒಬ್ಬೊಬ್ಬರನ್ನೇ ಹಿಡಿದೆತ್ತಿದಳು. ಗೆಳೆಯ ಪ್ಯಾಂಟು ಕೊಡವಿಕೊಂಡು ಅಂದ: "ಸಾಮ್ರಾಜ್ಯ ಯಾಕೆ ಬಿತ್ತು ಅಂತ ಈಗ ಗೊತ್ತಾಯ್ತು ಕಣಯ್ಯ. ಊಟ ಆದ ಮೇಲೆ ಯಾರೂ ಎದ್ದಿಲ್ಲ."

ಕಳೆದುಹೋದವಳು

ಮತ್ತೊಂದು ವಾರ ಕಾವ್ಯ. ಊರು ಹೊತ್ತಿ ಉರಿಯುತ್ತದೆ. ಮಗ ಮುದಿ ಅಪ್ಪನನ್ನು ಹೆಗಲ ಮೇಲೆ ಹೊತ್ತು ಓಡುತ್ತಾನೆ. ಅಪ್ಪನ ಕೈಯಲ್ಲಿ ಮನೆದೇವರು. ಕ್ಲಾಸಿನಲ್ಲಿ ಎಲ್ಲರೂ ಮೂಗು ಒರೆಸಿಕೊಂಡರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ನಾನು ಕಥೆ ಹೇಳಿದ್ದಕ್ಕೇ ಅವಳು ಸ್ಟವ್ ಆರಿಸಿ ಕೂತಳು.

"ಅವನ ಹೆಂಡತಿ?"

"ಹಿಂದೆ ಬರ್ತಿದ್ದಳು. ಕಳೆದುಹೋದಳು."

"ಇವನಿಗೆ ಗೊತ್ತಾಗಲಿಲ್ವಾ?"

"ಊರ ಹೊರಗೆ ಬಂದ ಮೇಲೆ ಗೊತ್ತಾಯ್ತು."

"ನೀವೂ ಎಡಿಸನ್ ಅಂಗಡೀಲಿ ನನ್ನ ಹೀಗೇ ಬಿಟ್ಟು ಬಂದಿದ್ರಿ. ಆಗ ಊರಿಗೆ ಬೆಂಕೀನೂ ಬಿದ್ದಿರಲಿಲ್ಲ."

ಮುಂದಿನ ವಾರದಿಂದ ಅವಳೂ ಕ್ಲಾಸಿಗೆ ಬಂದಳು. ಗೆಳತಿಯರನ್ನೂ ಕರೆತಂದಳು. ಎಲ್ಲರಿಗೂ ಆ ಗಂಡನನ್ನು ವಿಚಾರಿಸಿಕೊಳ್ಳಬೇಕಿತ್ತು.

ಶಕುನ

ಕೊನೆಯ ಮಂಗಳವಾರ ಲೈಬ್ರರಿಯ ಮೇಲಧಿಕಾರಿ ಬರುವವರಿದ್ದರು. ಕ್ಲಾಸ್ ಉಳಿಸುವುದೋ ಬಿಡುವುದೋ ಅವರ ಕೈಯಲ್ಲಿತ್ತು. ಹುಡುಗಿ ಒಳಗೆ ಪ್ರೊಜೆಕ್ಟರ್ ಜೊತೆ ಗುದ್ದಾಡುತ್ತಿದ್ದಳು. ರೋಮನ್ ಉಡುಪಿನಲ್ಲಿ ಬನ್ನಿ ಅಂದಿದ್ದಳು. ನಾವು ಪಂಚೆ ಉಟ್ಟು ಶಲ್ಯ ಹೊದ್ದು ಬಾಗಿಲ ಹೊರಗೆ ನಿಂತಿದ್ದೆವು.

ಕ್ಲಾಸ್ ನಾಲ್ಕೂವರೆಗೆ. ಅಧಿಕಾರಿ ಪೆನ್ನು ಹಿಡಿದು ಸ್ವಲ್ಪ ಮೊದಲೇ ಬಂದುಬಿಟ್ಟರು. ಗೆಳೆಯ ಫೋನ್ ನೋಡಿದ. ಮಂಗಳವಾರ, ರಾಹುಕಾಲ ಇನ್ನೂ ಮುಗಿದಿಲ್ಲ.

"ಈ ಮನುಷ್ಯ ಈಗ ಒಳಗೆ ಕಾಲಿಟ್ಟರೆ ಹುಡುಗಿ ಕಥೆ ಮುಗೀತು" ಎಂದು ನನ್ನ ಕಿವಿಯಲ್ಲಿ ಹೇಳಿ, ಅಡ್ಡ ನಿಂತು, ಕೈ ಎತ್ತಿದ. ಅಧಿಕಾರಿ ನಿಂತರು. ಹುಲ್ಲಿನ ಮೇಲೆ ಹೆಬ್ಬಾತುಗಳು ಮೇಯುತ್ತಿದ್ದವು.

ಯಾಕೆ ಕಾಯುತ್ತಿದ್ದೀರಿ ಎಂದು ಅವರು ನನ್ನನ್ನು ಕೇಳುತ್ತ ಒಂದು ಹೆಜ್ಜೆ ಹುಲ್ಲಿಗೆ ಇಟ್ಟರು. ನಾನು ಬೆರಳು ತೋರಿಸಿದೆ. ಅವರು ಬೆರಳಿನ ನೇರಕ್ಕೆ ಹೆಬ್ಬಾತುಗಳನ್ನು ನೋಡಿದರು. ಮುಖ ಅರಳಿತು. ಪೆನ್ನು ಜೇಬಿಗೆ ಹಾಕಿಕೊಂಡು, ಕೈಕಟ್ಟಿ ನಮ್ಮ ಪಕ್ಕದಲ್ಲೇ ನಿಂತರು.

ರಾಹುಕಾಲ ಮುಗಿಯಿತು. ಗೆಳೆಯ ಕೈ ಇಳಿಸಿದ. ಶಲ್ಯ ಬೀಸಿದ್ದಕ್ಕೋ ಏನೋ, ಹೆಬ್ಬಾತುಗಳೆಲ್ಲ ಒಟ್ಟಿಗೆ ಹಾರಿದವು.

ಅಧಿಕಾರಿ ಒಳಗೆ ಹೋಗಿ ಹುಡುಗಿಯ ಕೈ ಕುಲುಕಿದರು. ರೋಮನ್ನರು ಹಕ್ಕಿಗಳನ್ನು ನೋಡದೆ ಯಾವ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ ಎಂದು ತಾವೂ ಓದಿದ್ದಾಗಿ ಹೇಳಿದರು. ಅದನ್ನು ಬದುಕಿ ತೋರಿಸುವ ವಿದ್ಯಾರ್ಥಿಗಳನ್ನು ಕಂಡಿರಲಿಲ್ಲವಂತೆ. ಮುಂದಿನ ವರ್ಷವೂ ಕ್ಲಾಸ್ ಇರಲಿ ಅಂದರು.

ಹುಡುಗಿ ಅಪ್ಪನಿಗೆ ಫೋನ್ ಮಾಡಿ ನನ್ನ ಹತ್ತಿರ ಓಡಿ ಬಂದಳು. ಕಣ್ಣು ಒದ್ದೆ.

"ಅಂಕಲ್, ಹಕ್ಕಿ ಶಕುನದ ಪಾಠ ನಾನಿನ್ನೂ ಮಾಡೇ ಇಲ್ಲ. ಹೌ ಡಿಡ್ ಯೂ ನೋ?"

"ನಾನು ತೋರಿಸಿದ್ದು ಹಕ್ಕಿ ಅಲ್ಲ" ಅಂದೆ. "ಅವರ ಬೂಟಿನ ಮುಂದಿದ್ದ ಹಿಕ್ಕೆ."